ಹೊಸ ಟ್ರೇಲ್ ಸೈಕಲ್ ತಂದಿರಾ? ಆನೆಗೊಂದಿ ನೆಲಕ್ಕೆ ಒಗ್ಗಿಸುವುದು ಹೀಗೆ

ಗುಡ್ಡದ ದಾರಿಗೆಂದು ಟ್ರೇಲ್ ಸೈಕಲ್ ತಂದ ಮೊದಲ ದಿನ ಹೆಚ್ಚಿನವರಿಗೆ ಸಣ್ಣ ನಿರಾಸೆಯಾಗುತ್ತದೆ. ಗಂಗಾವತಿಯ ಡಾಂಬರು ರಸ್ತೆಯಲ್ಲಿ ತುಳಿದರೆ ಟಯರು ಗುಂಯ್ ಎಂದು ಸದ್ದು ಮಾಡುತ್ತದೆ, ಸೈಕಲ್ ಮಾತ್ರ ಓಡುವುದಿಲ್ಲ. ಹ್ಯಾಂಡಲ್ ಎಮ್ಮೆ ಕೊಂಬಿನಷ್ಟು ಅಗಲ. ಮುಂದಿನ ಚಕ್ರ ಎಲ್ಲೋ ದೂರದಲ್ಲಿದೆ ಅನಿಸುತ್ತದೆ. ನಿಧಾನಕ್ಕೆ ಏರು ಹತ್ತುವಾಗ ಅದು ಅತ್ತಿತ್ತ ವಾಲುತ್ತದೆ. ಇಷ್ಟು ದುಡ್ಡು ಸುರಿದಿದ್ದು ಇದಕ್ಕಾ ಅಂತ ಮನೆಯವರು ಕೇಳುವ ಮೊದಲೇ ನಾವೇ ಕೇಳಿಕೊಳ್ಳುತ್ತೇವೆ.

ಸೈಕಲ್ಲಿನ ತಪ್ಪೇನಿಲ್ಲ. ಅದನ್ನು ಮಾಡಿರುವುದೇ ಕಲ್ಲು ದಾರಿಗೆ, ಅದರಲ್ಲೂ ಇಳಿಜಾರಿಗೆ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ 120ರಿಂದ 150 ಮಿಲಿಮೀಟರ್‌ನಷ್ಟು ಕುಗ್ಗುತ್ತದೆ. ಅದನ್ನು ಮುಂದಕ್ಕೆ ಚಾಚಿ ಕೂರಿಸಿರುತ್ತಾರೆ. ಹಾಗಾಗಿ ಕಡಿದಾದ ಇಳಿಜಾರಿನಲ್ಲಿ ನೀವು ಮುಂದಕ್ಕೆ ಮುಗ್ಗರಿಸುವುದಿಲ್ಲ. ಸಣಾಪುರ ಕೆರೆಯ ಆಸುಪಾಸಿನ ಬಂಡೆಗಳ ನಡುವೆ ಇಳಿಯುವಾಗ ಇದೇ ಸೈಕಲ್ ಬೇರೆಯೇ ಅನಿಸುತ್ತದೆ.

ಆದರೆ ಅಷ್ಟರೊಳಗೆ ಕೈ ಸುಮ್ನೆ ಇರುವುದಿಲ್ಲ. ಫೋನಿನಲ್ಲಿ ಬಿಡಿಭಾಗ ಹುಡುಕಲು ಶುರು. ಬಣ್ಣದ ಪೆಡಲ್, ಕಾರ್ಬನ್ ಹ್ಯಾಂಡಲ್, ಹಗುರ ಚಕ್ರ. ನನ್ನ ಮಾತು ಕೇಳುವುದಾದರೆ ಮೊದಲ ತಿಂಗಳು ಇದ್ದದ್ದನ್ನೇ ಸರಿಯಾಗಿ ಹೊಂದಿಸಿಕೊಳ್ಳಿ, ಅದಕ್ಕೆ ಹೆಚ್ಚು ಖರ್ಚಿಲ್ಲ. ಆಮೇಲೆ ನಮ್ಮ ಕೊಪ್ಪಳ ಸೀಮೆಯ ಮುಳ್ಳು, ಬಂಡೆ, ಬಿಸಿಲು ಕೇಳಿದ್ದನ್ನು ಮಾತ್ರ ಬದಲಿಸಿ.

ಮನೆ ಮುಂದೆಯೇ ಮುಗಿಸಬೇಕಾದ ಕೆಲಸ

ಮೊದಲು ಬ್ರೇಕ್. ಯಾವ ಕೈಯದು ಯಾವ ಚಕ್ರಕ್ಕೆ ಅಂತ ನೋಡಿ. ನಮ್ಮ ಬೈಕುಗಳಲ್ಲಿ ಬಲಗೈ ಬ್ರೇಕ್ ಮುಂದಿನ ಚಕ್ರದ್ದು. ಹೊರದೇಶದಿಂದ ಬರುವ ಕೆಲವು ಸೈಕಲ್ಲುಗಳಲ್ಲಿ ಇದು ಉಲ್ಟಾ ಇರುತ್ತದೆ. ದಿನಾ ಬೈಕ್ ಓಡಿಸುವವರು ಗಾಬರಿಯಲ್ಲಿ ತಪ್ಪು ಲಿವರ್ ಹಿಡಿದರೆ ನೇರ ಹ್ಯಾಂಡಲ್ ಮೇಲಿಂದ ಕೆಳಗೆ. ಅಂಗಡಿಯಲ್ಲೇ ಹೇಳಿ ಅದಲು ಬದಲು ಮಾಡಿಸಿಕೊಳ್ಳಿ.

ಹೊಸ ಡಿಸ್ಕ್ ಬ್ರೇಕ್ ಮೊದಲ ದಿನ ಸರಿಯಾಗಿ ಹಿಡಿಯುವುದಿಲ್ಲ. ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗಕ್ಕೆ ಹೋಗಿ, ನಡಿಗೆಯ ವೇಗಕ್ಕೆ ಬರುವ ತನಕ ಒಂದೇ ಸಮ ಬ್ರೇಕ್ ಒತ್ತಿ. ಚಕ್ರ ಜಾಮ್ ಆಗಬಾರದು. ಒಂದೊಂದು ಬ್ರೇಕಿಗೂ 15–20 ಸಲ ಹೀಗೆ ಮಾಡಿ. ಒತ್ತುತ್ತಾ ಹೋದಂತೆ ಹಿಡಿತ ಬಿಗಿಯಾಗುವುದು ಬೆರಳಿಗೇ ಗೊತ್ತಾಗುತ್ತದೆ.

ಇನ್ನು ಸಸ್ಪೆನ್ಶನ್. ನೀವು ಸೈಕಲ್ ಏರಿದಾಗ ಅದು ಎಷ್ಟು ಕುಗ್ಗುತ್ತದೆಯೋ ಅದಕ್ಕೆ ಸ್ಯಾಗ್ ಎನ್ನುತ್ತಾರೆ. ಫೋರ್ಕಿನ ನುಣುಪು ಕೊಳವೆಯ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ. ಅದನ್ನು ಕೆಳಗೆ ತಳ್ಳಿ, ಯಾರಾದರೂ ಸೈಕಲ್ ಹಿಡಿದಿರಲಿ, ನೀವು ಪೆಡಲ್ ಮೇಲೆ ನಿಂತು ಮೆಲ್ಲಗೆ ಇಳಿಯಿರಿ. ಉಂಗುರ ಎಷ್ಟು ಸರಿದಿದೆ ಅಂತ ಸ್ಕೇಲ್ ಹಿಡಿದು ಅಳೆಯಿರಿ. 140 ಮಿಲಿಮೀಟರ್ ಫೋರ್ಕ್ ಆದರೆ 28ರ ಹತ್ತಿರ, ಅಂದರೆ ಶೇ 20ರಷ್ಟು ಸರಿದಿರಬೇಕು. ಹಿಂದೆಯೂ ಸಸ್ಪೆನ್ಶನ್ ಇದ್ದರೆ ಅಲ್ಲಿ ಶೇ 25–30. ಜಾಸ್ತಿ ಕುಗ್ಗಿದರೆ ಅದಕ್ಕೆ ಗಾಳಿ ಸೇರಿಸಿ, ಕಡಿಮೆ ಕುಗ್ಗಿದರೆ ಸ್ವಲ್ಪ ಗಾಳಿ ಹೊರಬಿಡಿ. ಇದಕ್ಕೆ ಶಾಕ್ ಪಂಪ್ ಬೇರೆಯೇ ಬೇಕು, ಟಯರ್ ಪಂಪಿನಿಂದ ಆಗುವುದಿಲ್ಲ.

ಅಳೆಯುವಾಗ ನೀರಿನ ಚೀಲ ಹೆಗಲ ಮೇಲಿರಲಿ. ನಮ್ಮ ಕಡೆ ಬಿಸಿಲಿಗೆ 3 ಲೀಟರ್ ನೀರು ಇಲ್ಲದೆ ಯಾರೂ ಗುಡ್ಡಕ್ಕೆ ಹೋಗುವುದಿಲ್ಲ, ಅದೇ 3 ಕೆ.ಜಿ. ಆಯಿತು. ಒಗ್ಗರಣಿ–ಮಿರ್ಚಿ ತಿಂದ ಮೇಲೆ ಅಳೆದರೂ ಅಡ್ಡಿಯಿಲ್ಲ.

ಫೋರ್ಕಿನ ತಳದಲ್ಲಿ ತಿರುಗಿಸುವ ಸಣ್ಣ ಗುಬಟು ರೀಬೌಂಡ್‌ನದು. ಕುಗ್ಗಿದ ಫೋರ್ಕ್ ಎಷ್ಟು ಬೇಗ ಮೇಲೇಳಬೇಕು ಅಂತ ಅದು ತೀರ್ಮಾನಿಸುತ್ತದೆ. ನಡುಮಧ್ಯಕ್ಕೆ ಇಟ್ಟು ಶುರು ಮಾಡಿ. ಫುಟ್‌ಪಾತ್ ಅಂಚಿನಿಂದ ಇಳಿದಾಗ ಒಮ್ಮೆ ಎದ್ದು ನಿಂತರೆ ಸರಿಯಿದೆ. ಎರಡು ಮೂರು ಸಲ ಕುಣಿದರೆ ಇನ್ನೊಂದೆರಡು ಕ್ಲಿಕ್ ನಿಧಾನ ಮಾಡಿ.

ಮೊದಲ ಸವಾರಿ: ಒಂದೇ ದಾರಿ, ಮತ್ತೆ ಮತ್ತೆ

ಆನೆಗೊಂದಿ, ಸಣಾಪುರದ ಸುತ್ತ ಕುರಿ ದಾರಿ, ಬಂಡಿ ದಾರಿ ಬೇಕಾದಷ್ಟಿವೆ. ಮೊದಲ ಸಲವೇ ಎಲ್ಲ ಸುತ್ತಬೇಡಿ. ಸ್ವಲ್ಪ ಏರು, ಸ್ವಲ್ಪ ಮರಳು, ಒಂದೆರಡು ಬಂಡೆ ಇರುವ ಚಿಕ್ಕ ದಾರಿ ಆರಿಸಿ ಅದರಲ್ಲೇ ತಿರುಗಿ. ದಾರಿ ಬದಲಾಗದಿದ್ದರೆ ಮಾತ್ರ ಸೈಕಲ್ಲಿನಲ್ಲಿ ಏನು ಬದಲಾಯಿತು ಅಂತ ಗೊತ್ತಾಗುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಗಾಳಿಯನ್ನೂ ರೀಬೌಂಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯಿತು ಅಂತ ಹೇಳುವುದು ಹೇಗೆ?

ನಮ್ಮ ಗ್ರಾನೈಟ್ ಬಂಡೆಯ ಹಿಡಿತ ಹೊಸಬರಿಗೆ ನಂಬಲು ಕಷ್ಟ. ಒಣಗಿದ ಬರಿ ಬಂಡೆಯ ಮೇಲೆ ರಬ್ಬರ್ ಅಂಟಿಕೊಂಡೇ ಇಳಿಯುತ್ತದೆ. ದೇಶ ವಿದೇಶದಿಂದ ಬಂಡೆ ಹತ್ತುವವರು ಈ ಕಡೆ ಬರುವುದೂ ಈ ಒರಟು ಮೈಗಾಗಿಯೇ. ಅಪಾಯ ಇರುವುದು ಬಂಡೆ ಮುಗಿಯುವ ಜಾಗದಲ್ಲಿ. ಬಂಡೆಯಿಂದ ಉದುರಿದ ದಪ್ಪ ಮರಳು ಅಲ್ಲಿ ಕೂತಿರುತ್ತದೆ. ಅದರ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರಿತೆಂದೇ ಲೆಕ್ಕ. ವೇಗವನ್ನು ಬಂಡೆಯ ಮೇಲೇ ಕಡಿಮೆ ಮಾಡಿಕೊಂಡು, ಮರಳು ಸಿಕ್ಕಾಗ ಬ್ರೇಕ್ ಬಿಟ್ಟು ನೇರ ಸಾಗಿ.

ಇಳಿಯುವಾಗ ಸೀಟು ತಗ್ಗಿಸಿ. ಇಂದಿನ ಹೆಚ್ಚಿನ ಟ್ರೇಲ್ ಸೈಕಲ್ಲುಗಳಲ್ಲಿ ಡ್ರಾಪರ್ ಪೋಸ್ಟ್ ಇರುತ್ತದೆ. ಹೆಬ್ಬೆರಳಿನಿಂದ ಲಿವರ್ ಒತ್ತಿ ಕೂತರೆ ಸೀಟು ಕೆಳಗೆ, ಎದ್ದು ಒತ್ತಿದರೆ ಮೇಲೆ. ನಿಮ್ಮ ಸೈಕಲ್ಲಿನಲ್ಲಿ ಇಲ್ಲದಿದ್ದರೆ, ದುಡ್ಡು ಹಾಕಲು ಯೋಗ್ಯವಾದ ದೊಡ್ಡ ಬದಲಾವಣೆ ಇದೊಂದೇ. ಸೀಟ್ ಟ್ಯೂಬಿನ, ಅಂದರೆ ಸೀಟಿನ ಕಂಬ ಇಳಿಯುವ ಕೊಳವೆಯ ಒಳ ಅಳತೆ ನೋಡಿಕೊಂಡೇ ತರಿಸಿ.

ಇನ್ನೊಂದು ಮಾತು. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಮೇಲೆ ಕಬ್ಬಿಣ ಯುಗದ ಕಾಲದ ಬೃಹತ್ ಶಿಲಾ ಸಮಾಧಿಗಳಿವೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಕಲ್ಲು ಚಪ್ಪಡಿ ನಿಲ್ಲಿಸಿ ಮನೆಯಂತೆ ಕಟ್ಟಿದ ಸಮಾಧಿಗಳವು, ಹ್ಯಾಂಡಲ್ ತಗುಲಿದರೂ ಕಷ್ಟ. ಸೈಕಲ್ ಕೆಳಗೇ ಬಿಟ್ಟು ನಡೆದು ಹೋಗಿ. ಸುಗ್ಗಿಯಲ್ಲಿ ರಸ್ತೆ ಬದಿ ಒಣಹಾಕಿದ ಭತ್ತದ ಮೇಲೆ ಹಾಯಿಸಬೇಡಿ ಅಂತಲೂ ಹೇಳಬೇಕಾ? ಹೇಳಬೇಕಾದ ಕಾಲ ಬಂದಿದೆ.

ಮುಳ್ಳಿನ ಲೆಕ್ಕ: ಟ್ಯೂಬ್ ತೆಗೆಯಿರಿ

ನಮ್ಮ ಕಡೆ ತಪ್ಪಿಸಲಾಗದ ಬದಲಾವಣೆ ಇದು. ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ರೈತರು ಅದನ್ನೇ ಕಡಿದು ಹೊಲದ ಸುತ್ತ ಬೇಲಿ ಹಾಕುತ್ತಾರೆ. ಎಳೆದು ತರುವಾಗ ಉದುರಿದ ತುಂಡುಗಳು ದಾರಿಯಲ್ಲಿ ಒಣಗಿ ಬಿದ್ದಿರುತ್ತವೆ. ಒಣಗಿದ ಮುಳ್ಳು ಹಸಿಯದಕ್ಕಿಂತ ಗಟ್ಟಿ. ಟಯರಿನೊಳಗೆ ಹೋಗಿ ಬುಡದಲ್ಲಿ ಮುರಿಯುತ್ತದೆ, ಹೊರಗಿಂದ ಚುಕ್ಕೆಯಷ್ಟೇ ಕಾಣುತ್ತದೆ. ಟ್ಯೂಬ್ ಬದಲಿಸಿ ಗಾಳಿ ತುಂಬಿದರೆ ಅದೇ ಮೊನೆ ಮತ್ತೆ ಚುಚ್ಚುತ್ತದೆ. ಬೆರಳಿನಿಂದ ತಡಕಿದರೆ ಬೆರಳಿಗೇ ಚುಚ್ಚೀತು. ಟಯರಿನ ಒಳಗೆ ಹತ್ತಿ ಬಟ್ಟೆ ಎಳೆಯಿರಿ, ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿದೆ. ಹೊಲದ ಬದುವಿನಲ್ಲಿ ಇದರ ಜೊತೆ ನೆಗ್ಗಿಲು ಬೇರೆ. ಅದು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ನಿಂತಿರುತ್ತದೆ.

ಹಾಗಾಗಿ ಟ್ಯೂಬ್‌ಲೆಸ್. ಟಯರು ಮತ್ತು ರಿಮ್ ಎರಡರ ಮೇಲೂ ಟ್ಯೂಬ್‌ಲೆಸ್ ರೆಡಿ ಅಂತ ಬರೆದಿದೆಯಾ ನೋಡಿ. ಇದ್ದರೆ ಬೇಕಾಗುವುದು ರಿಮ್ ಟೇಪ್, ಟ್ಯೂಬ್‌ಲೆಸ್ ವಾಲ್ವ್, ತೂತು ಮುಚ್ಚುವ ದ್ರವವಾದ ಸೀಲೆಂಟ್ ಇಷ್ಟೇ. ಸೈಕಲ್ಲಿಗೆಂದು ಮಾಡಿದ ಸೀಲೆಂಟೇ ಇರಲಿ, ಬೈಕ್ ಟಯರಿನ ಗಟ್ಟಿ ಜೆಲ್ ಬೇಡ.

ಟ್ಯೂಬ್ ತೆಗೆದು ರಿಮ್ ಒರೆಸಿ. ಕಡ್ಡಿಗಳ ತೂತುಗಳೆಲ್ಲ ಮುಚ್ಚುವಂತೆ ಟೇಪನ್ನು ಬಿಗಿಯಾಗಿ ಎಳೆದು ಸುತ್ತಿ. ವಾಲ್ವ್ ಕೂರಿಸಿ, ಅದರ ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ. ಟಯರಿನ ಒಂದು ಅಂಚನ್ನು ಪೂರ್ತಿ ಒಳಗೆ ಹಾಕಿ, ಇನ್ನೊಂದನ್ನು ಸ್ವಲ್ಪ ಬಿಟ್ಟು, 100ರಿಂದ 120 ಮಿಲಿಲೀಟರ್ ಸೀಲೆಂಟ್ ಸುರಿಯಿರಿ. ಇದು 29 ಇಂಚಿನ, 2.4 ಇಂಚು ಅಗಲದ ಟಯರಿಗೆ ಹೇಳಿದ ಅಳತೆ. ಅಂಚಿಗೆ ಸೋಪಿನ ನೀರು ಸವರಿ.

ಈಗ ಗಾಳಿ ಒಮ್ಮೆಲೇ ನುಗ್ಗಬೇಕು. ಕೈ ಪಂಪಿಗೆ ಬಗ್ಗದಿದ್ದರೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರ ಹೋಗಿ. ಸೈಕಲ್ಲಿನದು ತೆಳ್ಳಗಿನ ಪ್ರೆಸ್ಟಾ ವಾಲ್ವ್, ಅಂಗಡಿಯವರ ಪೈಪಿಗೆ ಕೂರುವುದಿಲ್ಲ. ಬೆರಳ ತುದಿಯಷ್ಟು ಚಿಕ್ಕ ಹಿತ್ತಾಳೆ ಅಡಾಪ್ಟರ್ ಇಟ್ಟುಕೊಳ್ಳಿ. ಗಾಳಿ ಹೋದಂತೆ ಅಂಚು ಟಪ್ ಟಪ್ ಎಂದು ರಿಮ್ಮಿಗೆ ಕೂರುತ್ತದೆ. ಟಯರು ಮತ್ತು ರಿಮ್ ಮೇಲೆ ಬರೆದ ಗರಿಷ್ಠ ಒತ್ತಡ ದಾಟಬಾರದು, ಲಾರಿ ಟಯರು ನೋಡುವ ಅಂಗಡಿಯವರಿಗೆ ಇದನ್ನು ಮೊದಲೇ ಹೇಳಿಬಿಡಿ. ಆಮೇಲೆ ಚಕ್ರ ತಿರುಗಿಸಿ, ಎರಡೂ ಮಗ್ಗುಲಿಗೆ ಸ್ವಲ್ಪ ಹೊತ್ತು ಮಲಗಿಸಿ.

ಇನ್ನು ಮುಳ್ಳು ಹೊಕ್ಕರೆ ಕಿತ್ತು, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ. ಬಿಳಿ ಹಾಲು ಬುಸ್ ಎಂದು ಬಂದು ನಿಲ್ಲುತ್ತದೆ. ಆದರೆ ಸೀಲೆಂಟ್ ಒಣಗುವ ವಸ್ತು, ನಮ್ಮ ಬೇಸಿಗೆಯಲ್ಲಂತೂ ಬೇಗ. ಎರಡು ತಿಂಗಳಿಗೊಮ್ಮೆ ಚಕ್ರ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಕುಲುಕುವ ಸದ್ದಿಲ್ಲದಿದ್ದರೆ ಮತ್ತೆ ಹಾಕಿ.

ಎಷ್ಟು ಗಾಳಿ?

70 ಕೆ.ಜಿ. ತೂಕದವರು ಮುಂದೆ 23, ಹಿಂದೆ 26 ಪಿಎಸ್‌ಐಗೆ (ಗಾಳಿಯ ಒತ್ತಡದ ಅಳತೆ) ಶುರು ಮಾಡಬಹುದು. ಇನ್ನೂ ಇಳಿಸಿದರೆ ಹಿಡಿತ ಹೆಚ್ಚುತ್ತದೆ, ಆದರೆ ಬಂಡೆಯ ಅಂಚಿಗೆ ರಿಮ್ ಠಣ್ ಎಂದು ಬಡಿಯುತ್ತದೆ. ಆ ಸದ್ದು ಒಂದು ಸಲ ಕೇಳಿದರೂ ಎರಡು ಪಿಎಸ್‌ಐ ಏರಿಸಿ. ಚಿಕ್ಕ ಡಿಜಿಟಲ್ ಗೇಜ್ ಕೊಂಡುಕೊಳ್ಳಿ. ಪೆಟ್ರೋಲ್ ಬಂಕಿನ ಮೀಟರಿನಲ್ಲಿ ಎರಡು ಪಿಎಸ್‌ಐ ವ್ಯತ್ಯಾಸ ಕಾಣುವುದಿಲ್ಲ.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಳಗಿನ 22 ಡಿಗ್ರಿಯಲ್ಲಿ 25 ತುಂಬಿದ ಟಯರು, 40 ಡಿಗ್ರಿಗೆ ಏರಿದಾಗ 27 ದಾಟಿರುತ್ತದೆ. ಫೋರ್ಕಿನ ಗಾಳಿಗೂ ಇದೇ ಕಥೆ. ಮೂರನೇ ತಾಸಿಗೆ ಸೈಕಲ್ ಯಾಕೋ ಬಿರುಸಾಯಿತು ಅಂತ ಅನಿಸಿದರೆ ಅದು ನಿಮ್ಮ ಭ್ರಮೆಯಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಮನೆ ಸೇರುವುದು ಒಳ್ಳೆಯದು. ಸಂಜೆ ಹೊತ್ತು ಬಂಡೆಗಳು ಹಗಲಿನ ಕಾವು ಉಗುಳುತ್ತಿರುತ್ತವೆ, ಕತ್ತಲಾದರೆ ಕರಡಿ, ಚಿರತೆ ಓಡಾಡುವ ಗುಡ್ಡಗಳಿವು.

ಉಳಿದ ಸಣ್ಣಪುಟ್ಟದ್ದು

ಹ್ಯಾಂಡಲ್ 780–800 ಮಿಲಿಮೀಟರ್ ಇರುತ್ತದೆ. ಎರಡು ಬಂಡೆಗಳ ಸಂದಿಯಲ್ಲಿ ಬೆರಳು ಜಜ್ಜುವುದು ಇದರಿಂದಲೇ. ಹಾಗಂತ ತಕ್ಷಣ ಗರಗಸ ಹಿಡಿಯಬೇಡಿ. ಗ್ರಿಪ್, ಬ್ರೇಕ್, ಗೇರ್ ಲಿವರುಗಳನ್ನು ಒಳಗೆ ಸರಿಸಿ ಕೆಲವು ದಿನ ಓಡಿಸಿ. ಹಿತ ಅನಿಸಿದರೆ ಒಂದೊಂದು ಬದಿ 5 ಮಿಲಿಮೀಟರ್ ಮಾತ್ರ ಕತ್ತರಿಸಿ.

ಪೆಡಲ್ ಅಗಲವಾಗಿದ್ದು, ಮೇಲೆ ಲೋಹದ ಪಿನ್ನುಗಳಿರಲಿ. ಎಡ ಪೆಡಲಿನ ತಿರುಪು ಉಲ್ಟಾ, ನೆನಪಿರಲಿ. ಏರಿನಲ್ಲಿ ಉಸಿರು ಕಟ್ಟುವುದಾದರೆ ಪೆಡಲ್ ಬಳಿಯ 32 ಹಲ್ಲಿನ ಚಕ್ರ ತೆಗೆದು 30ರದು ಹಾಕಿಸಿ. ಖರ್ಚು ಕಡಿಮೆ, ಫಲ ಜಾಸ್ತಿ.

ಚೈನಿಗೆ ಇಂಜಿನ್ ಆಯಿಲ್ ಬೇಡ. ಸಂಡೂರಿನ ಕಡೆ ಹೋಗಿ ಬಂದರಂತೂ ಆ ಕೆಂಪು ಅದಿರು ಧೂಳು ಎಣ್ಣೆಗೆ ಮೆತ್ತಿಕೊಂಡು ಚೈನನ್ನು ಉಜ್ಜಿ ತಿನ್ನುತ್ತದೆ. ಒಣ ಬ್ರಷ್ಷಿನಿಂದ ಧೂಳು ತೆಗೆದು, ಮೇಣದ ಲೂಬ್ ಹಾಕಿ, ಹೆಚ್ಚಾದದ್ದನ್ನು ಒರೆಸಿ. ಬೈಕ್ ತೊಳೆಯುವ ಪ್ರೆಷರ್ ನೀರನ್ನು ಬೇರಿಂಗುಗಳಿಗೆ ಹೊಡೆಸಬೇಡಿ. ಶಿಮಾನೊ ಬ್ರೇಕ್ ಇದ್ದರೆ ಅದಕ್ಕೆ ಮಿನರಲ್ ಆಯಿಲ್ಲೇ ಬೇಕು. ಬೈಕ್ ಅಂಗಡಿಯ ಡಾಟ್ ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲು ಹಾಳು.

ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ಹೊಲಕ್ಕೆ ಮಳೆ ಬಂದ ಮರುದಿನ ಯಾವ ಟಯರೂ ನಡೆಯದು. ನಾಲ್ಕು ಮಾರು ಹೋಗುವಷ್ಟರಲ್ಲಿ ಮಣ್ಣು ಚಕ್ರ ಮತ್ತು ಫ್ರೇಮಿನ ಸಂದಿ ತುಂಬಿ ಸೈಕಲ್ ನಿಂತೇಬಿಡುತ್ತದೆ. ಆ ದಿನ ಕೆಂಪು ಮಣ್ಣಿನ ಮಸಾರಿ ನೆಲದ ಕಡೆ ಹೋಗಿ.

ಕಾರ್ಬನ್ ಚಕ್ರ, ದುಬಾರಿ ಶಾಕ್, ಬಣ್ಣದ ಬೋಲ್ಟು ಇವೆಲ್ಲ ಸದ್ಯಕ್ಕೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಆ ದುಡ್ಡಿನಲ್ಲಿ ಒಂದು ಸಣ್ಣ ಪಾಲು ಡಿರೇಲರ್ ಹ್ಯಾಂಗರಿಗೆ ಇಡಿ. ಹಿಂದಿನ ಗೇರನ್ನು ಫ್ರೇಮಿಗೆ ಕಟ್ಟುವ ಈ ಪುಟ್ಟ ಅಲ್ಯೂಮಿನಿಯಂ ತುಂಡು ಬಂಡೆಗೆ ತಗುಲಿದಾಗ ಬೇಕೆಂದೇ ಬಾಗುವಂತೆ ಮಾಡಿರುತ್ತಾರೆ, ಫ್ರೇಮ್ ಉಳಿಯಲಿ ಅಂತ. ಒಂದು ಸೈಕಲ್ಲಿನದು ಇನ್ನೊಂದಕ್ಕೆ ಕೂರದೇ ಹೋಗಬಹುದು, ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ಭರವಸೆಯೂ ಇಲ್ಲ. ಮುರಿದ ಮೇಲೆ ತರಿಸಲು ಹೊರಟರೆ ಪಾರ್ಸೆಲ್ ಬರುವ ತನಕ ಸೈಕಲ್ ಮೂಲೆಯಲ್ಲೇ. ಸೈಕಲ್ ಕೊಳ್ಳುವ ದಿನವೇ ಎರಡು ತರಿಸಿ, ಒಂದನ್ನು ಚೀಲದಲ್ಲಿ ಟಯರಿನ ತೂತಿಗೆ ತುರುಕುವ ಪ್ಲಗ್ ಕಿಟ್ಟು, ಒಂದು ಟ್ಯೂಬಿನ ಜೊತೆ ಇಟ್ಟುಬಿಡಿ.