ಸಿಲೋನಿನಿಂದ ಮರಳಿದವರ ನೆನಪು: ದಾಖಲಿಸುವುದು ಹೇಗೆ

ಭಾರತ ಮತ್ತು ಸಿಲೋನ್ (ಈಗಿನ ಶ್ರೀಲಂಕಾ) ನಡುವಿನ 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ಶ್ರೀಲಂಕಾದ ಚಹಾ ತೋಟಗಳಿಂದ ಭಾರತಕ್ಕೆ ಮರಳಿದ ತಮಿಳು ಕುಟುಂಬಗಳಲ್ಲಿ ಕೆಲವು ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ನೆಲೆಸಿವೆ. ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಯ ಬದುಕು, ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಿನ ಪಯಣ, ಮರಳಿದವರನ್ನು ಮೊದಲು ಇರಿಸಿಕೊಳ್ಳುತ್ತಿದ್ದ ಮಂಡಪಂ ಶಿಬಿರ ಇವನ್ನೆಲ್ಲ ಕಂಡವರಿಗೆ ಈಗ ವಯಸ್ಸಾಗಿದೆ. ಹಾಗಾಗಿ ಮೊದಲು ದನಿ, ಆಮೇಲೆ ಕಾಗದ.

“ನಿಮ್ಮ ಕಥೆ ಹೇಳಿ” ಎಂದರೆ ಎರಡು ವಾಕ್ಯಕ್ಕೆ ಮಾತು ಮುಗಿಯುತ್ತದೆ. ಹಳೇ ಪಾಸ್‌ಪೋರ್ಟನ್ನೋ ಮದುವೆಯ ಫೋಟೋವನ್ನೋ ಎದುರಿಗಿಟ್ಟು ಕೇಳಿ: ಯಾವ ತೋಟ, ಕಂಗಾಣಿ (ಕೂಲಿಗಳ ಮೇಸ್ತ್ರಿ) ಯಾರು, ಪೆಟ್ಟಿಗೆಯಲ್ಲಿ ಏನೇನು ತಂದಿರಿ? ಪ್ರಶ್ನೆ ತಮಿಳಿನಲ್ಲೇ ಇರಲಿ. ಮೊಮ್ಮಕ್ಕಳು ಕನ್ನಡದಲ್ಲಿ ಕೇಳಿದರೆ ಅಜ್ಜಿ ಕನ್ನಡದಲ್ಲೇ ಚುಟುಕಾಗಿ ಉತ್ತರಿಸುತ್ತಾರೆ, ತೋಟದ ಮಾತುಗಳೆಲ್ಲ ಅಲ್ಲೇ ಸೋರಿಹೋಗುತ್ತವೆ.

ರಬ್ಬರ್ ಹಾಲು ತೆಗೆಯುವುದು ಬೆಳಗಿನ ಕೆಲಸ. ಮಧ್ಯಾಹ್ನದ ಮೇಲೆ ಹೋಗಿ. ಶೀಟಿನ ಮಾಡಿನ ಮನೆಯಾದರೆ ಮಳೆಗಾಲ ಬೇಡ, ಸದ್ದಿನಲ್ಲಿ ಮಾತೇ ಕೇಳಿಸದು. ಫ್ಯಾನ್ ಆರಿಸಿ, ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಬಟ್ಟೆಯ ಮೇಲೆ ಬಾಯಿಯಿಂದ ಒಂದೆರಡು ಗೇಣು ದೂರದಲ್ಲಿಡಿ. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ದಾಖಲಾಗುತ್ತದೆ. ದನಿ ದಾಖಲಿಸುವ ಆ್ಯಪ್‌ನಲ್ಲಿ ವೇವ್ (WAV) ಕಡತ, 48 ಕಿಲೋಹರ್ಟ್ಸ್, 24 ಬಿಟ್ ಆರಿಸಿ. ದಿನಾಂಕ, ಸ್ಥಳ, ಹೆಸರು, ಒಪ್ಪಿಗೆ ಎಲ್ಲವೂ ಆರಂಭದಲ್ಲೇ ಅವರ ದನಿಯಲ್ಲೇ ಬರಲಿ. ಒಂದು ಸಲ ಕೂತರೆ ಮುಕ್ಕಾಲು ಗಂಟೆ ಸಾಕು.

ಕಾಮ–ರತಿಯರ ಕಥೆಯಾಡುವ ತೋಟದ ಜನರ ಜನಪದ ಆಟ ಕಾಮನ್ ಕೂತ್ತು ಬಲ್ಲವರು ಸಿಕ್ಕರೆ ಎರಡು ಸಲ ದಾಖಲಿಸಿ. ಆಟ ನಡೆಯುವಾಗ ‘ತಪ್ಪು’ ಎಂಬ ಚರ್ಮವಾದ್ಯದ ಬಡಿತದಲ್ಲಿ ಪದಗಳು ಮುಳುಗುತ್ತವೆ. ಆ ದಾಖಲೆ ಲಯಕ್ಕೆ, ಹೆಜ್ಜೆಗೆ. ಪದಗಳಿಗಾಗಿ ಇನ್ನೊಂದು ದಿನ ಹಾಡುಗಾರರನ್ನು ಕೂರಿಸಿ ಸಾಲು ಸಾಲಾಗಿ ಹೇಳಿಸಬೇಕು. ರತಿಯ ಅಳುವಿನ ಭಾಗವನ್ನು ಅವಸರ ಮಾಡಬೇಡಿ.

ಕಾಗದಪತ್ರಗಳನ್ನು 600 ಡಿಪಿಐನಲ್ಲಿ ಟಿಫ್ (TIFF) ಕಡತವಾಗಿ ಸ್ಕ್ಯಾನ್ ಮಾಡಿ, ಹಿಂಬದಿಯನ್ನೂ ಬಿಡಬೇಡಿ. ಸ್ಟುಡಿಯೋ ಮುದ್ರೆ, ಕೈಬರಹದ ತಾರೀಖು ಇರುವುದು ಅಲ್ಲೇ. ಲ್ಯಾಮಿನೇಷನ್ ಮಾತ್ರ ಖಂಡಿತ ಬೇಡ: ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲಾಗದು. ಸೆಲ್ಲೋಟೇಪಿನ ಅಂಟು ಹಳದಿಯಾಗಿ ಕಾಗದ ತಿನ್ನುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿದ ಫೋಟೋ ಕೀಳಲು ಹೋಗದೆ, ಬೆಳಕು ಓರೆಯಾಗಿ ಬೀಳುವಂತೆ ಮಾಡಿ ಗಾಜಿನ ಮೇಲಿಂದಲೇ ಚಿತ್ರ ತೆಗೆಯಿರಿ. ಮೂಲ ಪ್ರತಿಗಳನ್ನು ಅದೇ ದಿನ ಹಿಂದಿರುಗಿಸಿ. “ನಾಳೆ ಕೊಡುತ್ತೇವೆ” ಎಂದ ತಂಡಕ್ಕೆ ಮುಂದಿನ ಮನೆಯವರು ಬಾಗಿಲು ತೆರೆಯುವುದಿಲ್ಲ.

ಪ್ರತಿಗಳು ಮೂರಿರಲಿ, ಒಂದು ಬೇರೆ ಊರಿನಲ್ಲಿ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಶಾಲೆಯಲ್ಲೋ ಹಬ್ಬದಲ್ಲೋ ಪ್ರದರ್ಶನ ಇಡುವಾಗ ನಕಲುಗಳನ್ನಷ್ಟೇ ಇಟ್ಟು, ಗುರುತಿನ ದಾಖಲೆಗಳ ಸಂಖ್ಯೆ, ವಿಳಾಸ ಮುಚ್ಚಿ. ಯಾವುದೇ ಮನೆಯವರು ಬೇಡ ಎಂದರೆ ಕಾರಣ ಕೇಳದೆ ತೆಗೆಯಿರಿ.