ಮಳೆಗಾಲದ ಗೊಬ್ಬರಕ್ಕೆ ಬೇಸಿಗೆಯ ತರಗೆಲೆ

ನಮ್ಮ ಮನೆಯ ಹಸಿ ಕಸ ಗೇಟು ದಾಟುವುದಿಲ್ಲ. ತರಕಾರಿ ಸಿಪ್ಪೆ, ಸೋಸಿದ ಚಾ ಹುಡಿ, ಹಲಸಿನ ಸಿಪ್ಪೆ, ಬಂಗುಡೆಯ ತಲೆ, ಎಲ್ಲವೂ ಕಂಪೌಂಡಿನ ಒಳಗೇ ಮಣ್ಣಾಗುತ್ತವೆ. 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡೆ ಜಾರಿ ಪಕ್ಕದ ಮಂದಾರ ಎಂಬ ಊರಿನ ಮನೆ, ತೆಂಗು, ಅಡಿಕೆ ತೋಟಗಳ ಮೇಲೆ ಬಂತಲ್ಲ, ಆ ಮೇಲೆ ಶುರು ಮಾಡಿದ್ದು. ಮಂಗಳೂರಿನ ಎಲ್ಲ ಮನೆಗಳ ಕಸವೂ ಸೇರಿ ಆದ ಗುಡ್ಡೆ ಅದು. ನಮ್ಮದೂ ಅದರಲ್ಲಿತ್ತು.

ಗೊಬ್ಬರ ಮಾಡುವುದು ಹೇಗೆ ಎಂದು ಕೇಳಿದರೆ ‘ಹಸಿ ಕಸ ಹಾಕಿ, ಮೇಲೆ ಒಂದಿಷ್ಟು ಮಣ್ಣು ಹಾಕಿ’ ಅಂತ ಹೇಳುವವರೇ ಜಾಸ್ತಿ. ಒಣ ಊರಿಗೆ ಅದು ಸಾಕು. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಸುರಿಯುವ ನಮ್ಮಲ್ಲಿ ಸಾಲದು. ಜೂನ್ ಬಂತೆಂದರೆ ಮಣ್ಣು ಕೆಸರಾಗಿ ಕಸದ ಒಳಗೆ ಗಾಳಿಯೇ ಹೋಗುವುದಿಲ್ಲ. ಗಾಳಿ ಇಲ್ಲದ ಕಡೆ ಕಸ ಕೊಳೆಸುವ ಬ್ಯಾಕ್ಟೀರಿಯಾಗಳೇ ಬೇರೆ. ಅವು ಬಂದರೆ ನಾತ ಹೊಡೆಯುತ್ತದೆ, ಮೀಥೇನ್ ಹೊರಡುತ್ತದೆ. ನೂರು ವರ್ಷದ ಲೆಕ್ಕ ಹಾಕಿದರೆ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಜಾಸ್ತಿ ಬಿಸಿ ಹಿಡಿದಿಡುತ್ತದೆ. ದೊಡ್ಡ ಕಸದ ಗುಡ್ಡೆಗಳ ಹೊಟ್ಟೆಯೊಳಗೆ ನಡೆಯುವುದೂ ಇದೇ.

ಹಾಗಾಗಿ ನಾವು ಮಣ್ಣಿನ ಬದಲು ಒಣ ತರಗೆಲೆ ಹಾಕುತ್ತೇವೆ. ಅದು ನೀರು ಹೀರಿ, ಗಾಳಿಗೆ ದಾರಿ ಬಿಡುತ್ತದೆ. ನಮ್ಮ ಮಳೆಗಾಲದ ಕೆಲಸ ಶುರುವಾಗುವುದು ಫೆಬ್ರವರಿಯಲ್ಲಿ. ಆಗ ಮಾವು, ಹಲಸು, ಗೇರು ಮರಗಳ ಕೆಳಗೆ ತರಗೆಲೆ ರಾಶಿ ಬಿದ್ದಿರುತ್ತದೆ. ಬೀದಿಯ ಉದ್ದಕ್ಕೂ ಗುಡಿಸಿ ಬೆಂಕಿ ಕೊಡುತ್ತಾರೆ. ಸುಡಬೇಡಿ, ನಮಗೆ ಕೊಡಿ ಎಂದು ಕೇಳಿಕೊಂಡೆವು. ‘ಎಂತಕ್ಕೆ ಮಾರಾಯ್ರೆ ನಿಮಗೆ ಈ ಕಸ?’ ಎಂದಿದ್ದ ಪಕ್ಕದ ಮನೆಯ ಅಕ್ಕ ಈಗ ತಾವೇ ಗೋಣಿಯಲ್ಲಿ ತುಂಬಿ ಬಾಯಿ ಕಟ್ಟಿ ಇಟ್ಟಿರುತ್ತಾರೆ. ಎಲೆ ಚೆನ್ನಾಗಿ ಒಣಗಿರಬೇಕು. ಮುಷ್ಟಿಯಲ್ಲಿ ಹಿಡಿದರೆ ಚರಚರ ಮುರಿಯಬೇಕು. ಹಲಸಿನ ಎಲೆ ದಪ್ಪ, ಬೇಗ ಕರಗುವುದಿಲ್ಲ. ಅದನ್ನು ಗೋಣಿಯೊಳಗೇ ತುಳಿದು ಚೂರು ಮಾಡುತ್ತೇವೆ. ಗೋಣಿಗಳನ್ನು ಹಿಂಬದಿಯ ಮಾಡಿನ ಕೆಳಗೆ ಇಡುವಾಗ ನೆಲಕ್ಕೆ ತಾಗಬಾರದು, ತಾಗಿದರೆ ತೇವ ಏರುತ್ತದೆ.

ಗೊಬ್ಬರಕ್ಕೆ ಎರಡು ಹಳೆಯ ಡ್ರಮ್ಮು, ಸುತ್ತಲೂ ತೂತು. ಕೆಂಪುಕಲ್ಲಿನ ಮೇಲೆ ಕೂರಿಸಿದ್ದೇವೆ. ತಳದಲ್ಲಿ ತೆಂಗಿನ ಸಿಪ್ಪೆಯ ಒಂದು ಪದರ, ನೀರು ಬಸಿಯುವುದಕ್ಕೆ. ಬೇಸಿಗೆಯಲ್ಲಿ ಒಂದು ಪಾತ್ರೆ ಹಸಿ ಕಸಕ್ಕೆ ಒಂದೂವರೆ ಪಾತ್ರೆ ಎಲೆ ಸಾಕಾಗುತ್ತದೆ. ಆಟಿ ತಿಂಗಳ ಜೋರು ಮಳೆಯಲ್ಲಿ ಮೂರು ಬೇಕು. ಮೊದಲ ಸಲ ಹುಳಿ ಮಜ್ಜಿಗೆ ಚಿಮುಕಿಸಿದರೆ ಸಾಕು, ಮತ್ತೆ ಹಳೆಯ ಗೊಬ್ಬರವೇ ಒಂದು ಹಿಡಿ. ವಾರಕ್ಕೊಮ್ಮೆ ಕೋಲಿನಿಂದ ತಿರುವಿ ಒಂದು ಹಿಡಿ ತೆಗೆದು ಹಿಂಡಿ ನೋಡಿ. ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಎಲೆ ಸಾಲಲಿಲ್ಲ ಎಂದರ್ಥ. ರಾಶಿಯ ನಡುವೆ ಕೈ ಇಟ್ಟರೆ ಬೆಚ್ಚಗಿರುತ್ತದೆ. ಬೂದು ಬಣ್ಣದ ದಪ್ಪ ಹುಳುಗಳು ಕಂಡರೆ ಹೆದರಬೇಡಿ. ಅವು ಮನೆ ನೊಣದ ಮರಿಗಳಲ್ಲ, ಯಾರಿಗೂ ತೊಂದರೆ ಮಾಡುವುದಿಲ್ಲ. ಕಸವನ್ನು ಬೇಗ ತಿಂದು ಮುಗಿಸುತ್ತವೆ. ಡ್ರಮ್ಮು ತುಂಬಿದ ಮೇಲೆ ಎರಡು ಮೂರು ತಿಂಗಳು ಸುಮ್ನೆ ಬಿಟ್ಟರೆ ಕಾಡಿನ ಮಣ್ಣಿನ ಪರಿಮಳ ಬರುತ್ತದೆ.

ಮೀನಿನದ್ದು ಡ್ರಮ್ಮಿಗೆ ಹಾಕುವುದಿಲ್ಲ. ತೆಂಗಿನ ಬುಡದಿಂದ ನಾಲ್ಕೈದು ಅಡಿ ದೂರದಲ್ಲಿ ಒಂದೂವರೆ ಅಡಿ ಗುಂಡಿ ತೋಡಿ, ಹಾಕಿ, ಬೂದಿ ಉದುರಿಸಿ ಮುಚ್ಚುತ್ತೇವೆ. ಮೇಲೊಂದು ಕಲ್ಲು ಇಡಲೇಬೇಕು, ಇಲ್ಲದಿದ್ದರೆ ನಾಯಿ ಕೆದಕುತ್ತದೆ. ಗುಂಡಿಯಲ್ಲಿ ನೀರು ನಿಲ್ಲುವ ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ, ಮೀನೂ ಕಮ್ಮಿ. ಹಾಗಾಗಿ ಅದೇನೂ ಕಷ್ಟವಾಗುವುದಿಲ್ಲ.

ಉಳಿದದ್ದೆಲ್ಲ ಸುಲಭ. ಅಕ್ಕಿ ತೊಳೆದ ನೀರು ಬಸಳೆ ಚಪ್ಪರಕ್ಕೆ. ಮೀನು ಮಾರ್ಕೆಟಿಗೆ ಸ್ಟೀಲ್ ಡಬ್ಬಿ. ಮಾಡಿನ ನೀರು ಜಲ್ಲಿ, ಇದ್ದಿಲು, ಮರಳು ದಾಟಿ ಬಾವಿಗೆ. ಮೊದಲ ಎರಡು ಮೂರು ಮಳೆಯ ನೀರನ್ನು ಮಾತ್ರ ಹೊರಗೆ ಬಿಡುತ್ತೇವೆ, ಅದರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರುತ್ತದೆ. 1 ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಹಾಗಾದರೆ 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ಬೀಳುತ್ತದೆ. ಇಷ್ಟು ಮಳೆ ಬೀಳುವ ಊರಿನಲ್ಲೇ 2019ರ ಬೇಸಿಗೆಯಲ್ಲಿ ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ತಗ್ಗಿ, ಸರದಿ ಪ್ರಕಾರ ನೀರು ಬಿಡಬೇಕಾಯಿತು. ನೋಡಿದರೆ ಹೊಟ್ಟೆ ಉರಿಯುತ್ತದೆ ಅಲ್ವಾ?

ಫ್ಲ್ಯಾಟಿನಲ್ಲಿ ಇರುವವರಿಗೆ ತರಗೆಲೆ ಸಿಗುವುದು ಕಷ್ಟ. ನನ್ನ ತಂಗಿ ಬಾಲ್ಕನಿಯಲ್ಲಿ ಎರಡು ಬಕೆಟ್ ಇಟ್ಟುಕೊಂಡು ತೆಂಗಿನ ನಾರಿನ ಹುಡಿ ಬಳಸುತ್ತಾಳೆ. ಅದು ಮುಗಿದರೆ ಮರದ ಮಿಲ್ಲಿನಿಂದ ಮರದ ಹುಡಿ ತರುತ್ತಾಳೆ. ಎರಡೂ ಚೆನ್ನಾಗಿ ನೀರು ಹೀರುತ್ತವೆ. ಪ್ಲೈವುಡ್ ಕೊಯ್ದ ಹುಡಿ ಮಾತ್ರ ತರಬೇಡಿ, ಅದರಲ್ಲಿ ಅಂಟು ಇರುತ್ತದೆ.