ಕೈಗಾದ ಕೂಲರ್ ಹಿಡಿದು ಫೆಲೋಶಿಪ್ ಮುಟ್ಟಿದ್ದು

ಅಂತೂ ನ್ಯೂಕ್ಲಿಯರ್ ಸೆಕ್ಯುರಿಟಿ ಓದಲು ಹೊರದೇಶದ ಫೆಲೋಶಿಪ್ ಮೂರನೇ ಸಲಕ್ಕೆ ಸಿಕ್ಕಿತು. ಅದು ಫಿಸಿಕ್ಸ್‌ನವರದು, ಇಲ್ಲಾ ದಿಲ್ಲಿಯವರದು ಅಂತಲೇ ನಮ್ಮಲ್ಲಿ ಮಾತು. ನಾನು ಪೊಲಿಟಿಕಲ್ ಸೈನ್ಸ್. "ಕೈಗಾ ಇಟ್ಕೊಂಡು ಅಮೆರಿಕಾಕ್ಕ ಹೋಗ್ತೀಯೇನೋ?" ಅಂತ ಗೈಡ್ ಸರ್ ನಕ್ಕಿದ್ದರು.

ಮೊದಲ ವರ್ಷ ಎಲ್ಲರ ಹಾಗೆ ಭಾರತ-ಪಾಕಿಸ್ತಾನ ಅಣ್ವಸ್ತ್ರ ಸ್ಥಿರತೆ ಅಂತ ಬರೆದೆ. ಮೂರು ಕಡೆ ಹಾಕಿದೆ, ಮೂರೂ ಕಡೆ ಎರಡು ಸಾಲಿನ ಮೇಲ್. ಇಂಗ್ಲಿಷ್ ಟೆಸ್ಟಿಗೇ 17,000 ಹತ್ತಿರ ಹೋಗಿತ್ತು, ಟ್ರಾನ್ಸ್‌ಕ್ರಿಪ್ಟ್, ಕೊರಿಯರ್ ಸೇರಿ 30,000 ದಾಟಿರಬೇಕು. ಮನೆಯಲ್ಲಿ 22,000 ಅಂದಿದ್ದೆ.

ಎರಡನೇ ವರ್ಷ ಕೈಗಾ ಅಣು ವಿದ್ಯುತ್ ಸ್ಥಾವರ ಹಿಡಿದೆ, ಆದರೆ ದಡ್ಡನ ಹಾಗೆ ಎರಡು ಘಟನೆ ಒಟ್ಟಿಗೆ ಕಟ್ಟಿದೆ. 1994ರ ಮೇನಲ್ಲಿ ಕಟ್ಟುತ್ತಿದ್ದ ರಿಯಾಕ್ಟರ್ ಗುಮ್ಮಟದ ಒಳಗಿನ ಕಾಂಕ್ರೀಟ್ 100 ಟನ್‌ಗೂ ಜಾಸ್ತಿ ಕುಸಿದದ್ದು ಒಂದು, 2009ರಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಯಾರೋ ವಿಕಿರಣದ ನೀರು ಬೆರೆಸಿದ್ದು ಇನ್ನೊಂದು. ಇಂಟರ್‌ವ್ಯೂ ತನಕ ಹೋಯಿತು. "ಮೊದಲನೆಯದು ಸೇಫ್ಟಿ ಅಲ್ವಾ?" ಅಂದರು. ನನ್ನ ಬಾಯಿ ಕಟ್ಟಿತು. ತಾನಾಗಿ ಆಗುವ ಅವಘಡ ತಡೆಯುವುದು ಸೇಫ್ಟಿ, ಬೇಕಂತಲೇ ಮಾಡುವವರನ್ನು ತಡೆಯುವುದು ಸೆಕ್ಯುರಿಟಿ. ಕನ್ನಡದಲ್ಲಿ ಎರಡಕ್ಕೂ 'ಭದ್ರತೆ' ಅಂತಲೇ ಬರೆದುಕೊಂಡು ಬಂದವನು ನಾನು.

ಮೂರನೇ ಸಲ ಕೂಲರ್ ಮಾತ್ರ. ನವೆಂಬರ್ 2009, ಆ ಕೂಲರ್‌ನ ನೀರಿಗೆ ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಇದ್ದ ಭಾರಜಲ, ಅಂದರೆ ರಿಯಾಕ್ಟರಿನಲ್ಲಿ ಬಳಸುವ ನೀರು, ಬಿದ್ದಿತ್ತು. 50ಕ್ಕೂ ಹೆಚ್ಚು ಕೆಲಸಗಾರರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಸಿಕ್ಕಿತು. ಬೇಕಂತಲೇ ಹಾಕಿದ್ದು ಅಂತ ಆಗಿನ ಅಣುಶಕ್ತಿ ಆಯೋಗದ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಅವರೇ ಹೇಳಿದ್ದರು. ಗೇಟಿನಲ್ಲಿ ಬಂದೂಕು ಹಿಡಿದವರಿದ್ದರೂ ಪಾಸ್ ಇದ್ದವನ ಕೈ ಯಾರು ನೋಡುತ್ತಾರೆ? ಒಳಗಿನವರಿಂದ ಬರುವ ಅಪಾಯದ ಬಗ್ಗೆ ಐಎಇಎ (ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ) ಕೈಪಿಡಿ ಬಂದದ್ದು 2008ರಲ್ಲಿ, ಇದು ಆದದ್ದು ಮರುವರ್ಷ. ಕೈಪಿಡಿಯ ಒಂದೊಂದು ಮಾತಿನ ಎದುರು ಕೈಗಾದಲ್ಲಿ ಏನಾಯಿತು ಅಂತ ಇಟ್ಟೆ, ಅಷ್ಟೇ ಪ್ರಪೋಸಲ್.

ನಡುವೆ ಒಂದು ಹುಚ್ಚು ಕೆಲಸ. ಕಾರವಾರಕ್ಕೆ ಹೋಗಿ ಹಳೇ ಕನ್ನಡ ಪೇಪರ್ ಕಟ್ಟು ಬಿಚ್ಚಿಸಿ, ಧೂಳಿಗೆ ಸೀನುತ್ತಾ ನಾಲ್ಕು ದಿನ ಫೋಟೋ ಹೊಡೆದೆ. ಅದರಲ್ಲಿ ಮುಕ್ಕಾಲು ವೇಸ್ಟ್. ಉಳಿದದ್ದರಲ್ಲಿ ಕ್ಯಾಂಟೀನ್, ಶಿಫ್ಟು, ಗುತ್ತಿಗೆ ಕೆಲಸಗಾರರ ಸುದ್ದಿ ಇತ್ತು. ಇಂಗ್ಲಿಷ್ ಮಾತ್ರ ಓದುವವರಿಗೆ ಇದು ಸಿಗಲ್ಲ, ನನಗೆ ಸಿಕ್ಕಿತು!

ರೈಟಿಂಗ್ ಸ್ಯಾಂಪಲ್ 40 ಪುಟ ಇದ್ದದ್ದನ್ನು 18ಕ್ಕೆ ಇಳಿಸಿದೆ. ಹೋಸ್ಟ್ ಪ್ರೊಫೆಸರಿಗೆ ಬರೆದ ಮೊದಲ ಮೇಲ್ ಏನಿತ್ತು ಅಂತ ಮಾತ್ರ ಕೇಳಬೇಡಿ, ನನ್ನ ಜೂನಿಯರ್ ಈ ವರ್ಷ ಅದನ್ನೇ ಬಳಸುತ್ತಿದ್ದಾನೆ. ಎಂಎಸ್ಸಿ ಮಾಡುವ ಹುಡುಗಿಯರು ಐಎಇಎಯ ಮೇರಿ ಕ್ಯೂರಿ ಫೆಲೋಶಿಪ್ ಬಿಡಬೇಡಿ, ಫೀಸಿಗೆ ವರ್ಷಕ್ಕೆ 10,000 ಯೂರೋ ತನಕ ಕೊಡುತ್ತಾರೆ, ಖರ್ಚಿಗೂ ಅಷ್ಟೇ.

ಈ ಸಲ ಇಂಟರ್‌ವ್ಯೂನಲ್ಲಿ "ಯಾರು ಹಾಕಿದ್ದು?" ಅಂದರು. "ಅದು ಪೊಲೀಸರ ಪ್ರಶ್ನೆ. ಹಾಕಲು ಆದದ್ದು ಹೇಗೆ ಅನ್ನೋದು ನನ್ನದು" ಅಂದೆ. ಒಬ್ಬರು ಬರೆದುಕೊಂಡರು.

ಸ್ಟೈಪೆಂಡ್ ಬರುವುದು ಅಲ್ಲಿಗೆ ಹೋದ ಮೇಲೆ. ವೀಸಾ, ಟಿಕೆಟ್, ಮನೆ ಅಡ್ವಾನ್ಸ್ ಅಂತ ಕೈಯಲ್ಲಿ ಎರಡೂವರೆ ಲಕ್ಷವಾದರೂ ಇರಲಿ. ನಾನು ಅಕ್ಕನ ಬಳೆ ಅಡ ಇಟ್ಟು ಹೋಗಿದ್ದೆ, ಮೊನ್ನೆ ಮಾರ್ಚ್‌ನಲ್ಲಿ ಬಿಡಿಸಿದೆ.